ನಾಣ್ಯ ಚಿಮ್ಮಿ ಹಂಚಿದ ಹುಡುಗರು

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಅಂತ ಗಾದೆ ಇದೆಯಲ್ಲ, ಹುಡುಗರು ದಾರಿ ತಪ್ಪುವ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಅದನ್ನು ಹೇಳಿಯೇ ಹೇಳುತ್ತಾರೆ. ಗಾದೆ ಸುಳ್ಳಲ್ಲ ಬಿಡಿ. ಆದರೆ ಗಿಡವನ್ನು ಬಗ್ಗಿಸುವುದು ಹೇಗೆ, ಬಗ್ಗಿಸಲು ಹೋಗಿ ಅದು ಮುರಿದರೆ ಹೊಣೆ ಯಾರು ಅನ್ನೋದನ್ನ ಮಾತ್ರ ಗಾದೆ ಹೇಳುವುದಿಲ್ಲ.

ಪ್ರತಿ ಶಾಲೆಯಲ್ಲೂ, ಪ್ರತಿ ಬೀದಿಯಲ್ಲೂ ಬರೆದಿಡದ ಒಂದು ಪಟ್ಟಿ ಇರುತ್ತದೆ. ತರಗತಿಯಲ್ಲಿ ಯಾರದೋ ದುಡ್ಡು ಕಳೆದರೆ ಮೊದಲು ತಡಕುವ ಚೀಲ ಯಾರದ್ದು, ಕಿಟಕಿ ಗಾಜು ಒಡೆದರೆ ಮೊದಲು ಕರೆಸುವುದು ಯಾರನ್ನು ಅಂತ ಎಲ್ಲರಿಗೂ ಗೊತ್ತು. ಆ ಪಟ್ಟಿಯಲ್ಲಿರುವ ಹುಡುಗನಿಗಂತೂ ಚೆನ್ನಾಗಿಯೇ ಗೊತ್ತು. ಅವನನ್ನು ಸರಿ ಮಾಡಬೇಕು ಅಂತ ಹೊರಡುವವರಿಗೂ ಕೊರತೆಯಿಲ್ಲ. ಒಬ್ಬರು ಬುದ್ಧಿ ಹೇಳುತ್ತಾರೆ, ಒಬ್ಬರು ಶಿಬಿರಕ್ಕೆ ಕಳಿಸಿ ಅನ್ನುತ್ತಾರೆ, ಇನ್ನೊಬ್ಬರು "ಒಂದು ದಿನ ಸ್ಟೇಷನ್‌ಗೆ ಕರ್ಕೊಂಡು ಹೋಗಿ ಹೆದರಿಸಿ ಸ್ವಾಮಿ, ಸರಿಹೋಗ್ತಾನೆ" ಅನ್ನುತ್ತಾರೆ.

ಈ ಮೂರೂ ಉಪಾಯಗಳನ್ನು ಕಳೆದ ನೂರು ವರ್ಷಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದಾರೆ. ಲೆಕ್ಕವನ್ನೂ ಇಟ್ಟಿದ್ದಾರೆ. ಆ ಲೆಕ್ಕ ಹೇಳುವ ಕಥೆ ವಿಚಿತ್ರವಾಗಿದೆ, ಸ್ವಲ್ಪ ನೋವಿನದ್ದೂ ಹೌದು. ಬಹುಪಾಲು ಅಮೆರಿಕಾದಲ್ಲಿ ನಡೆದದ್ದು, ಯಾಕೆಂದರೆ ಇಷ್ಟು ದೀರ್ಘ ಕಾಲ ಲೆಕ್ಕ ಇಟ್ಟವರು ಅಲ್ಲಿನವರು. ನಮ್ಮ ಕಡೆಗೂ ಕೊನೆಗೆ ಬರೋಣ.

ಚಿಕಾಗೋದ ನಕ್ಷೆಗಳು

ಮಕ್ಕಳಿಗೆಂದೇ ಬೇರೆ ನ್ಯಾಯಾಲಯ ಮೊದಲು ಶುರುವಾದದ್ದು 1899ರಲ್ಲಿ, ಚಿಕಾಗೋ ನಗರದಲ್ಲಿ. ಅದಕ್ಕೂ ಮೊದಲು ತಪ್ಪು ಮಾಡಿದ ಹುಡುಗನನ್ನು ದೊಡ್ಡವರ ಜೊತೆಯೇ ಕಟಕಟೆಯಲ್ಲಿ ನಿಲ್ಲಿಸುತ್ತಿದ್ದರು. ಕೋರ್ಟು ಬಂದ ಮೇಲೆ ಅದರ ಜೊತೆಗೆ ದಾಖಲೆಗಳೂ ಬಂದವು. ಯಾವ ಹುಡುಗ, ಯಾವ ಬೀದಿ, ಯಾವ ತಪ್ಪು ಎಲ್ಲ ಕಡತದಲ್ಲಿ.

ಇಪ್ಪತ್ತರ ದಶಕದಲ್ಲಿ ಕ್ಲಿಫರ್ಡ್ ಶಾ ಎಂಬಾತ ಈ ಕಡತಗಳನ್ನು ಎದುರಿಗಿಟ್ಟುಕೊಂಡು ಕೂತ. ಹಳ್ಳಿ ಕಡೆಯಿಂದ ಬಂದವನು, ಪ್ರೊಬೇಷನ್ ಅಧಿಕಾರಿಯಾಗಿ ಕೆಲಸ ಮಾಡಿದವನು. ಜೊತೆಗಾರ ಹೆನ್ರಿ ಮೆಕೇ. ಇಬ್ಬರೂ ಸೇರಿ ಚಿಕಾಗೋದ ನಕ್ಷೆ ತೆಗೆದು, ಕೋರ್ಟಿಗೆ ಬಂದ ಒಬ್ಬೊಬ್ಬ ಹುಡುಗನ ಮನೆ ಇರುವ ಜಾಗದಲ್ಲಿ ಒಂದೊಂದು ಚುಕ್ಕೆ ಇಡುತ್ತಾ ಹೋದರು. ಚುಕ್ಕೆಗಳು ಎಲ್ಲೆಡೆ ಹರಡಲಿಲ್ಲ. ಕಾರ್ಖಾನೆ, ರೈಲು ಹಳಿ, ಬಾಡಿಗೆ ವಠಾರಗಳ ಸುತ್ತಲಿನ ಕೆಲವೇ ಪ್ರದೇಶಗಳಲ್ಲಿ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡವು.

ಇದರಲ್ಲೇನು ವಿಶೇಷ, ಅಲ್ಲಿ ಅಂಥ ಜನ ಇದ್ದರು ಅಂತ ನೀವು ಅನ್ನಬಹುದು. ಆಗಿನವರೂ ಅದನ್ನೇ ಹೇಳುತ್ತಿದ್ದರು. ಜರ್ಮನರು ಹೀಗೆ, ಐರಿಷರು ಹಾಗೆ, ಪೋಲೆಂಡಿನವರ ರಕ್ತವೇ ಹಾಗೆ ಅಂತ. ಆದರೆ ಶಾ ಮತ್ತು ಮೆಕೇ ಹಳೆಯ ದಾಖಲೆಗಳಿಂದಲೂ ನಕ್ಷೆ ಮಾಡಿದರು. ಮೊದಲು ಆ ಬೀದಿಗಳಲ್ಲಿದ್ದ ಜರ್ಮನ್, ಐರಿಷ್ ಕುಟುಂಬಗಳು ಸ್ವಲ್ಪ ಕಾಸು ಮಾಡಿಕೊಂಡು ಬೇರೆ ಕಡೆ ಹೋಗಿದ್ದವು. ಅಲ್ಲಿಗೆ ಪೋಲೆಂಡಿನವರು, ಇಟಲಿಯವರು ಬಂದಿದ್ದರು. ಜನ ಪೂರ್ತಿ ಬದಲಾದರೂ ಚುಕ್ಕೆಗಳು ಅಲ್ಲೇ ಇದ್ದವು! ಬಿಟ್ಟು ಹೋದವರ ಮಕ್ಕಳು ಹೊಸ ಬಡಾವಣೆಯಲ್ಲಿ ಎಲ್ಲರಂತೆಯೇ ಇದ್ದರು. ದೋಷ ರಕ್ತದಲ್ಲಿಲ್ಲ, ಬೀದಿಯಲ್ಲಿದೆ ಅನ್ನೋದು ಅವರ ವಾದ. 1942ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು.

ಪುಸ್ತಕ ಬರುವ ಮೊದಲೇ ಶಾ ಬೀದಿಗಿಳಿದಿದ್ದ. ಮೂವತ್ತರ ದಶಕದ ಮೊದಲ ವರ್ಷಗಳಲ್ಲಿ 'ಚಿಕಾಗೋ ಏರಿಯಾ ಪ್ರಾಜೆಕ್ಟ್' ಶುರುವಾಯಿತು. ದಕ್ಷಿಣ ಚಿಕಾಗೋದ ಉಕ್ಕಿನ ಕಾರ್ಖಾನೆಗಳ ಪಕ್ಕದ ರಸೆಲ್ ಸ್ಕ್ವೇರ್ ಅದರ ಮೊದಲ ಪ್ರಯೋಗಭೂಮಿಗಳಲ್ಲೊಂದು. ಪೋಲೆಂಡಿನಿಂದ ಬಂದ ಕೂಲಿ ಕುಟುಂಬಗಳ ಕೇರಿ, ಹುಡುಗರ ಗ್ಯಾಂಗುಗಳಿಗೆ ಬರವಿಲ್ಲ. ಅಂಥ ಕಡೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಹೊರಗಿನಿಂದ ಓದಿದವರನ್ನು ಕಳಿಸುತ್ತಾರೆ. ಶಾ ಹಾಗೆ ಮಾಡಲಿಲ್ಲ. ಆ ಕೇರಿಯ ಜನರದ್ದೇ ಒಂದು ಸಮಿತಿ, ಚರ್ಚಿನ ನೆಲಮಾಳಿಗೆಯಲ್ಲಿ ಹುಡುಗರ ಕ್ಲಬ್ಬು, ಬೀದಿ ಮೂಲೆಯಲ್ಲಿ ಹುಡುಗರ ಜೊತೆ ನಿಂತು ಹರಟುವ ಕೆಲಸಗಾರರು. ಅವರಲ್ಲಿ ಕೆಲವರು ಅದೇ ಬೀದಿಯಲ್ಲಿ ಹಿಂದೆ ಪುಂಡಾಟ ಮಾಡಿದವರೇ. ಜೈಲಿನಿಂದ ಬಿಡುಗಡೆಯಾಗಿ ಬಂದವನಿಗೆ ಕೆಲಸ ಹುಡುಕಿಕೊಡುವುದೂ ಸಮಿತಿಯ ಜವಾಬ್ದಾರಿ.

ಆಗಿನ ವೃತ್ತಿಪರ ಸಮಾಜಸೇವಕರಿಗೆ ಇದು ಸರಿಬರಲಿಲ್ಲ. ಕಳ್ಳನ ಕೈಗೇ ಕೀಲಿ ಕೊಟ್ಟಂತೆ ಅಲ್ಲವೆ? ಶಾನ ತರ್ಕವೇ ಬೇರೆ. ಕೇರಿಯ ಹುಡುಗರು ಯಾರ ಮಾತು ಕೇಳುತ್ತಾರೋ ಅವರಿಂದಲೇ ಕೆಲಸ ಆಗಬೇಕು. ಹುಡುಗ ರೋಗಿಯಲ್ಲ, ಕೇರಿಯ ಕೆಲಸಕ್ಕೆ ಕೈಜೋಡಿಸಬಹುದಾದ ಮನುಷ್ಯ.

ಇದರಿಂದ ಅಪರಾಧ ಕಡಿಮೆಯಾಯಿತೇ? ಐವತ್ತು ವರ್ಷಗಳ ನಂತರ, 1984ರಲ್ಲಿ, ರ‍್ಯಾಂಡ್ ಸಂಸ್ಥೆಯ ಸಂಶೋಧಕರು ದಾಖಲೆ ಕೆದಕಿ ನೋಡಿದರು. ಇಂಥ ಸಮಿತಿಗಳು ಗಟ್ಟಿಯಾಗಿದ್ದ ಕೇರಿಗಳಲ್ಲಿ, ಅಲ್ಲಿನ ಬಡತನ ನೋಡಿದರೆ ಎಷ್ಟು ನಿರೀಕ್ಷಿಸಬಹುದಿತ್ತೋ ಅದಕ್ಕಿಂತ ಕಡಿಮೆ ಬಾಲಾಪರಾಧ ಇತ್ತು ಅಂತ ಅವರಿಗೆ ಕಂಡಿತು. ಆದರೆ ಶಾ ಹೋಲಿಕೆಗೆ ಅಂತ ಇನ್ನೊಂದು ಕೇರಿಯನ್ನು ಮೊದಲೇ ಆರಿಸಿ ಪಕ್ಕಕ್ಕಿಟ್ಟಿರಲಿಲ್ಲ. ಹಾಗಾಗಿ ಇದು ಭರವಸೆ, ಪುರಾವೆ ಅಲ್ಲ. ಪುರಾವೆ ಬೇಕು ಅಂತ ಹಟ ಹಿಡಿದ ಮನುಷ್ಯ ಬೇರೊಬ್ಬ.

ಡಾಕ್ಟರ್ ಕ್ಯಾಬಟ್‌ನ ನಾಣ್ಯ

ರಿಚರ್ಡ್ ಕ್ಲಾರ್ಕ್ ಕ್ಯಾಬಟ್ ಬಾಸ್ಟನ್ನಿನ ಹೆಸರಾಂತ ವೈದ್ಯ. ಹಾರ್ವರ್ಡಿನಲ್ಲಿ ವೈದ್ಯಕೀಯವನ್ನೂ ಪಾಠ ಮಾಡಿದ, ಸಾಮಾಜಿಕ ನೀತಿಶಾಸ್ತ್ರವನ್ನೂ ಪಾಠ ಮಾಡಿದ. ರೋಗಿಗೆ ಔಷಧಿ ಬರೆದುಕೊಟ್ಟರೆ ಸಾಲದು, ಅವನ ಮನೆಯ ಪರಿಸ್ಥಿತಿಯೂ ಗೊತ್ತಿರಬೇಕು ಅಂತ 1905ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಮಾಜಸೇವಕರನ್ನು ನೇಮಿಸಿದವನು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರು ಇದ್ದಾರಲ್ಲ, ಆ ಪರಂಪರೆಗೆ ಇವನೂ ಒಬ್ಬ ಮೂಲಪುರುಷ.

ಕ್ಯಾಬಟ್‌ನ ನಂಬಿಕೆ ಸರಳವಾಗಿತ್ತು. ಕಷ್ಟದಲ್ಲಿರುವ ಹುಡುಗನಿಗೆ, ಅಪ್ಪ ಅಮ್ಮನ ಜೊತೆಗೆ ಇನ್ನೊಬ್ಬ ಒಳ್ಳೆಯ ಹಿರಿಯ ಸ್ನೇಹಿತ ಸಿಕ್ಕಿ, ವರ್ಷಾನುಗಟ್ಟಲೆ ಕೈಬಿಡದೆ ಜೊತೆಗಿದ್ದರೆ ಅವನು ದಾರಿ ತಪ್ಪುವುದಿಲ್ಲ. ಯಾರಿಗೆ ತಾನೇ ಇದು ಸರಿಯಲ್ಲ ಅನ್ನಿಸೀತು? ಆದರೆ ಅವನು ವೈದ್ಯ. ಔಷಧಿಯನ್ನು ಪರೀಕ್ಷೆ ಮಾಡದೆ ಒಪ್ಪಬಾರದು ಅಂತ ಗೊತ್ತಿದ್ದವನು.

ಬಾಸ್ಟನ್ ಪಕ್ಕದ ಕೇಂಬ್ರಿಜ್, ಸೊಮರ್‌ವಿಲ್ ಎಂಬ ಎರಡು ಊರುಗಳಿಂದ ಹುಡುಗರನ್ನು ಆರಿಸಿದರು. ಶಾಲೆಯವರು, ಚರ್ಚಿನವರು, ಪೊಲೀಸರು ಹೆಸರು ಕೊಟ್ಟರು. 'ತರಲೆ' ಹುಡುಗರ ಜೊತೆಗೆ ಸಾಧಾರಣ ಹುಡುಗರನ್ನೂ ಬೇಕೆಂದೇ ಸೇರಿಸಿದರು, ಸೇರಿದವರಿಗೆಲ್ಲ ಕೆಟ್ಟ ಹೆಸರು ಅಂಟಬಾರದು ಅಂತ. ನಂತರ ವಯಸ್ಸು, ಬುದ್ಧಿ, ಮನೆ, ಬೀದಿ, ಸ್ವಭಾವ ಎಲ್ಲ ಹೊಂದುವ ಹಾಗೆ ಇಬ್ಬಿಬ್ಬರ ಜೋಡಿ ಮಾಡಿದರು. ಪ್ರತಿ ಜೋಡಿಗೂ ಒಂದು ನಾಣ್ಯ ಚಿಮ್ಮಿದರು. ಒಬ್ಬನಿಗೆ ಸಹಾಯ, ಇನ್ನೊಬ್ಬನಿಗೆ ಏನೂ ಇಲ್ಲ. ಕ್ರೂರ ಅನ್ನಿಸುತ್ತದೆ ಅಲ್ಲವೇ? ಆದರೆ ಎಲ್ಲರಿಗೂ ಕೊಡುವಷ್ಟು ಜನವೂ ಹಣವೂ ಇರಲಿಲ್ಲ. ಮೇಲಾಗಿ, ಸಹಾಯ ಪಡೆಯದ ಜೋಡಿಗಾರ ಇಲ್ಲದಿದ್ದರೆ ಸಹಾಯದ ಫಲ ಏನು ಅಂತ ತಿಳಿಯುವುದು ಹೇಗೆ?

1939ರಲ್ಲಿ ಕೆಲಸ ಶುರುವಾಯಿತು. ಅದೇ ವರ್ಷ ಕ್ಯಾಬಟ್ ತೀರಿಕೊಂಡ. ಕೆಲಸ ನಿಲ್ಲಲಿಲ್ಲ. ಸರಾಸರಿ ಹತ್ತೂವರೆ ವರ್ಷದ ಹುಡುಗರು. ಕೌನ್ಸೆಲರುಗಳು ತಿಂಗಳಿಗೆ ಸರಾಸರಿ ಎರಡು ಸಲ ಮನೆಗೆ ಹೋಗುತ್ತಿದ್ದರು, ಸುಮಾರು ಐದೂವರೆ ವರ್ಷ. ಪಾಠದಲ್ಲಿ ಹಿಂದುಳಿದವರಿಗೆ ಮನೆಪಾಠ, ಕಾಯಿಲೆಯವರಿಗೆ ವೈದ್ಯರು, ಆಟ, ಸ್ಕೌಟು, ಬೇಸಿಗೆ ಶಿಬಿರ. ಯುದ್ಧ ಬಂದು ಕೌನ್ಸೆಲರುಗಳೇ ಸೈನ್ಯಕ್ಕೆ ಹೋದರೂ 1945ರವರೆಗೆ ನಡೆಸಿದರು. ಕೊನೆಗೆ ಉಳಿದದ್ದು 506 ಹುಡುಗರು, 253 ಜೋಡಿಗಳು.

1951ರಲ್ಲಿ ಮೊದಲ ವರದಿ ಪುಸ್ತಕವಾಗಿ ಬಂತು. ಕೋರ್ಟಿನ ದಾಖಲೆಗಳಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಸರಿ, ಹುಡುಗರು ಇನ್ನೂ ಚಿಕ್ಕವರು, ಬಿತ್ತಿದ್ದು ಮುಂದೆ ಫಲ ಕೊಟ್ಟೀತು ಅಂತ ಆಶಾವಾದಿಗಳು ಕಾದರು.

ಮೂವತ್ತು ವರ್ಷದ ನಂತರದ ಲೆಕ್ಕ

ಕಾದದ್ದಕ್ಕೆ ಉತ್ತರ ಕೊಟ್ಟವಳು ಜೋನ್ ಮೆಕಾರ್ಡ್. ಮುಂದೆ ಅಮೆರಿಕಾದ ಅಪರಾಧಶಾಸ್ತ್ರ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯಾದವಳು. ಐವತ್ತರ ದಶಕದಿಂದಲೇ ಈ ಕಡತಗಳ ಹಿಂದೆ ಬಿದ್ದಿದ್ದ ಆಕೆ, ಎಪ್ಪತ್ತರ ದಶಕದ ನಡುವೆ ಆ 506 ಜನರನ್ನು ಮತ್ತೆ ಹುಡುಕಲು ಹೊರಟಳು. ಆಗ ಇಂಟರ್ನೆಟ್ಟೂ ಇಲ್ಲ, ಗೂಗಲ್ಲೂ ಇಲ್ಲ. ಜನನ ಮರಣ ದಾಖಲೆ, ಮದುವೆ ದಾಖಲೆ, ಕೋರ್ಟು, ಆಸ್ಪತ್ರೆ, ಟೆಲಿಫೋನ್ ಪುಸ್ತಕ ಹೀಗೆ ಒಂದೊಂದನ್ನೇ ತಡಕಿ ಬಹುತೇಕ ಎಲ್ಲರನ್ನೂ ಪತ್ತೆ ಮಾಡಿದಳು. ಹುಡುಗರು ಈಗ ನಲವತ್ತು ದಾಟಿದ ಗಂಡಸರು.

ಸಹಾಯ ಪಡೆದವರನ್ನು ಕೇಳಿದರೆ ಮೂರರಲ್ಲಿ ಎರಡು ಪಾಲು ಜನ ಆ ಕಾರ್ಯಕ್ರಮದಿಂದ ಒಳ್ಳೆಯದಾಯಿತು ಅಂದರು. ಕೆಲವರು ತಮ್ಮ ಕೌನ್ಸೆಲರನನ್ನು ಪ್ರೀತಿಯಿಂದ ನೆನೆದರು. ಇಲ್ಲಿಗೇ ನಿಲ್ಲಿಸಿದ್ದರೆ ಸುಂದರ ಕಥೆ.

ಆದರೆ ಜೋಡಿಗಾರರ ಜೊತೆ ಹೋಲಿಸಿದಾಗ ಚಿತ್ರ ತಲೆಕೆಳಗಾಯಿತು. ಅಪರಾಧ ಮಾಡಿದವರ ಸಂಖ್ಯೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಆದರೆ ಒಮ್ಮೆ ತಪ್ಪು ಮಾಡಿದವರಲ್ಲಿ ಮತ್ತೆ ತಪ್ಪು ಮಾಡಿದವರು ಸಹಾಯ ಪಡೆದ ಗುಂಪಿನಲ್ಲೇ ಜಾಸ್ತಿ. ಕುಡಿತದ ಚಟ ಅವರಲ್ಲೇ ಜಾಸ್ತಿ. ತೀವ್ರ ಮಾನಸಿಕ ಕಾಯಿಲೆಯ ಲಕ್ಷಣ ಜಾಸ್ತಿ. ಬೇಗ ಸತ್ತವರೂ ಅವರಲ್ಲೇ ಹೆಚ್ಚು. ಏನೂ ಸಹಾಯ ಸಿಗದೆ, ನಾಣ್ಯದ ಇನ್ನೊಂದು ಮುಖಕ್ಕೆ ಬಿದ್ದ ಹುಡುಗರು ಅವರಿಗಿಂತ ಸ್ವಲ್ಪ ಚೆನ್ನಾಗಿಯೇ ಬದುಕಿದ್ದರು! (ನ್ಯಾಯವಾಗಿ ಒಂದು ಮಾತು ಸೇರಿಸಬೇಕು. 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಅದೇ ಜನರನ್ನು ಮುಪ್ಪಿನವರೆಗೂ ಹಿಂಬಾಲಿಸಿ ನೋಡಿದಾಗ, ಸಾವಿನ ಲೆಕ್ಕದಲ್ಲಿ ಎರಡು ಗುಂಪಿಗೆ ಗಣನೀಯ ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಸಹಾಯದಿಂದ ಒಳ್ಳೆಯದಾಯಿತು ಅಂತ ಮಾತ್ರ ಯಾವ ಲೆಕ್ಕವೂ ಹೇಳಲಿಲ್ಲ.)

1978ರಲ್ಲಿ ಮೆಕಾರ್ಡ್ ಇದನ್ನು ಪ್ರಕಟಿಸಿದಾಗ ಸಮಾಜಸೇವಾ ವಲಯದಲ್ಲಿ ಕೋಲಾಹಲವೇ ಆಯಿತು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಕೆಡುಕು ಮಾಡೀತೇ? ಹೇಗೆ ಸಾಧ್ಯ?

ಸನ್ಯಾಸಿ ಕೆಟ್ಟದ್ದು ಯಾಕೆ

ಮೆಕಾರ್ಡ್ ಬಿಡಲಿಲ್ಲ. ಮುಂದಿನ ಇಪ್ಪತ್ತು ವರ್ಷ ಅದೇ ಕಡತಗಳನ್ನು ತಿರುವಿ ತಿರುವಿ ನೋಡಿದಳು. ಕೊನೆಗೆ ಒಂದು ಎಳೆ ಸಿಕ್ಕಿತು. ಕೆಡುಕು ಎಲ್ಲರಲ್ಲೂ ಸಮನಾಗಿ ಹಂಚಿರಲಿಲ್ಲ. ಬೇಸಿಗೆ ಶಿಬಿರಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋದ ಹುಡುಗರಲ್ಲಿ ಅದು ಗುಡ್ಡೆಯಾಗಿತ್ತು. ಶಿಬಿರಕ್ಕೆ ಹೋಗದವರ ಲೆಕ್ಕದಲ್ಲಿ ಅಂಥ ಕೆಡುಕು ಕಾಣಲಿಲ್ಲ.

ಅದೇ ಹೊತ್ತಿಗೆ ಒರೆಗಾನ್ ರಾಜ್ಯದಲ್ಲಿ ಥಾಮಸ್ ಡಿಷನ್ ಎಂಬ ಮನಶ್ಶಾಸ್ತ್ರಜ್ಞ ಬೇರೆಯದೇ ಕೆಲಸ ಮಾಡುತ್ತಿದ್ದ. ಹದಿಹರೆಯದ ಹುಡುಗರನ್ನು ಅವರ ಗೆಳೆಯರ ಜೊತೆ ಕೂರಿಸಿ ಮಾತಾಡಲು ಬಿಟ್ಟು ವಿಡಿಯೋ ಮಾಡುವುದು. ಆಮೇಲೆ ಯಾವ ಮಾತಿಗೆ ನಗು ಬಂತು ಅಂತ ಲೆಕ್ಕ ಹಾಕುವುದು. ಕೆಲವು ಜೋಡಿಗಳಲ್ಲಿ ಸಾಧಾರಣ ಮಾತಿಗೆ ಯಾರೂ ನಗುತ್ತಿರಲಿಲ್ಲ. ಕದ್ದದ್ದು, ಹೊಡೆದದ್ದು, ಮೇಷ್ಟ್ರಿಗೆ ಟೋಪಿ ಹಾಕಿದ್ದು ಹೇಳಿದಾಗ ಮಾತ್ರ ನಗು. ಹೀಗೆ ನಗು ಸಂಪಾದಿಸುವ ಹುಡುಗರು ಮುಂದೆ ಹೆಚ್ಚು ತೊಂದರೆಗೆ ಸಿಕ್ಕಿಬೀಳುತ್ತಿದ್ದರು. ಅಂದರೆ ಗೆಳೆಯನ ನಗುವೇ ಗುರು, ಅದೇ ಬಹುಮಾನ. 1999ರಲ್ಲಿ ಡಿಷನ್, ಮೆಕಾರ್ಡ್ ಮತ್ತು ಫ್ರಾಂಸ್ವಾ ಪುಲಾನ್ ಸೇರಿ ಬರೆದ ಲೇಖನ ಇವೆರಡನ್ನೂ ಜೋಡಿಸಿತು. ತರಲೆ ಹುಡುಗರನ್ನು ತಿದ್ದಲೆಂದು ಒಟ್ಟಿಗೆ ಸೇರಿಸಿದರೆ, ವೇದಿಕೆಯ ಮೇಲೆ ದೊಡ್ಡವರು ಬುದ್ಧಿ ಹೇಳುತ್ತಿರುತ್ತಾರೆ, ಹಿಂದಿನ ಸಾಲಿನಲ್ಲಿ ಬೇರೆಯೇ ಪಾಠ ನಡೆದಿರುತ್ತದೆ.

ಇದಕ್ಕೆ ಇಷ್ಟೆಲ್ಲ ಸಂಶೋಧನೆ ಬೇಕಿತ್ತೇ, 'ಸಹವಾಸದಿಂದ ಸನ್ಯಾಸಿ ಕೆಟ್ಟ' ಅಂತ ನಮ್ಮ ಅಜ್ಜಿಯೇ ಹೇಳಿದ್ದಳಲ್ಲ ಅಂತೀರಾ? ಹೌದು, ಹೇಳಿದ್ದಳು. ಆದರೆ ಅಜ್ಜಿಯ ಗಾದೆ ತಿಳಿದ ನಾವೇ ಬಾಲಮಂದಿರದಲ್ಲಿ, ಶಾಲೆಯ ಕೊನೇ ಬೆಂಚಿನಲ್ಲಿ, 'ದಡ್ಡರ ಸೆಕ್ಷನ್ನಿ'ನಲ್ಲಿ ಒಂದೇ ಬಗೆಯ ಹುಡುಗರನ್ನು ಗುಡ್ಡೆ ಹಾಕುತ್ತೇವೆ. ಗಾದೆ ಗೊತ್ತಿದ್ದರೆ ಸಾಲದು.

ನ್ಯೂಜರ್ಸಿ, ಮೊದಲ ಸಲ: ದಂಡಂ ದಶಗುಣಂ

ಮೆಕಾರ್ಡ್ ತನ್ನ ಲೇಖನ ಪ್ರಕಟಿಸಿದ ಅದೇ 1978ರಲ್ಲಿ ಅಮೆರಿಕಾ ಜನ ಟಿವಿಯಲ್ಲಿ ಬೇರೊಂದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. 'ಸ್ಕೇರ್ಡ್ ಸ್ಟ್ರೈಟ್' ಎಂಬ ಸಾಕ್ಷ್ಯಚಿತ್ರ. ನ್ಯೂಜರ್ಸಿಯ ರಾವೇ ಜೈಲಿನಲ್ಲಿ ಜೀವಾವಧಿ ಶಿಕ್ಷೆಯವರು 1976ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದ್ದರು. ದಾರಿ ತಪ್ಪುತ್ತಿರುವ ಹುಡುಗ ಹುಡುಗಿಯರನ್ನು ಜೈಲಿನೊಳಗೆ ಕರೆತಂದು, ಕೈದಿಗಳು ಮುಖಕ್ಕೆ ಮುಖ ತಂದು ಕಿರುಚಿ, ಬೈದು, ಜೈಲಿನಲ್ಲಿ ನಿಮಗೆ ಏನೇನಾಗುತ್ತದೆ ಅಂತ ಹಸಿಹಸಿಯಾಗಿ ವರ್ಣಿಸಿ ನಡುಗಿಸುವುದು. ಚಿತ್ರಕ್ಕೆ ಆಸ್ಕರ್ ಬಂತು. ಹೊರಗೆ ಬಂದ ಮಕ್ಕಳಲ್ಲಿ ಬಹುಪಾಲು ಸರಿಹೋದರು ಅಂತ ಪ್ರಚಾರವಾಯಿತು. ರಾಜ್ಯ ರಾಜ್ಯಗಳಲ್ಲಿ ಇದರ ನಕಲು ಶುರುವಾಯಿತು.

ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನಾವರ್ ಮಾತ್ರ ಕ್ಯಾಬಟ್‌ನ ಪ್ರಶ್ನೆಯನ್ನೇ ಕೇಳಿದ. ಹೋಗದವರು ಏನಾದರು? 81 ಮಕ್ಕಳ ಅಧ್ಯಯನ. ಜೈಲಿಗೆ ಹೋಗಿ ಬಂದ 46 ಜನರಲ್ಲಿ ಮುಂದಿನ ಆರು ತಿಂಗಳಲ್ಲಿ ಶೇ. 41.3ರಷ್ಟು ಮತ್ತೆ ತಪ್ಪು ಮಾಡಿ ಸಿಕ್ಕಿಬಿದ್ದರು. ಹೋಗದ 35 ಜನರಲ್ಲಿ ಶೇ. 11.4ರಷ್ಟು ಮಾತ್ರ. ಒಂದೇ ಸಣ್ಣ ಅಧ್ಯಯನ, ಆಯ್ಕೆಯಲ್ಲಿ ಲೋಪಗಳಿದ್ದವು ಅಂತ ತಳ್ಳಿಹಾಕಬಹುದಿತ್ತು. ಆದರೆ ಮುಂದೆ ಇಂಥ ಒಂಬತ್ತು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಬಂದ ತೀರ್ಮಾನ ಅದೇ: ಏನೂ ಮಾಡದೆ ಸುಮ್ಮನಿದ್ದರೂ ಇದಕ್ಕಿಂತ ಒಳ್ಳೆಯದಿತ್ತು.

ಯಾಕೆ ಹೀಗೆ? ಖಚಿತ ಉತ್ತರ ಯಾರೂ ಕೊಟ್ಟಿಲ್ಲ. ಆದರೆ ಯೋಚಿಸಿ ನೋಡಿ. 'ನೀನು ಜೈಲಿಗೆ ಹೋಗುವ ಗಿರಾಕಿ' ಅಂತ ಒಬ್ಬ ಹುಡುಗನಿಗೆ ಊರೇ ಸೇರಿ ಹೇಳುವುದಕ್ಕೂ, ಅವನನ್ನು ಬಸ್ಸಿನಲ್ಲಿ ಅಂಥವರದ್ದೇ ಗುಂಪಿನ ಜೊತೆ ಜೈಲಿಗೆ ಕರೆದೊಯ್ದು ತೋರಿಸುವುದಕ್ಕೂ ವ್ಯತ್ಯಾಸವೇನು? ಹೆದರದವನು ಅಂತ ತೋರಿಸಿಕೊಳ್ಳುವ ಹುಮ್ಮಸ್ಸು ಹದಿನಾರರ ವಯಸ್ಸಿಗೆ ಹೊಸದಲ್ಲ. ತಮಾಷೆ ಅಂದರೆ, ಈ ಲೆಕ್ಕವೆಲ್ಲ ಬಂದಮೇಲೂ 2011ರಲ್ಲಿ ಅದೇ ಮಾದರಿಯ ಹೊಸ ಟಿವಿ ಸರಣಿ ಶುರುವಾಗಿ ವರ್ಷಗಟ್ಟಲೆ ಓಡಿತು. ನೋಡಲು ಚೆನ್ನಾಗಿರುತ್ತದಲ್ಲ!

ನ್ಯೂಜರ್ಸಿ, ಎರಡನೇ ಸಲ: ಚೀಟಿ ಎತ್ತಿ ಆರಿಸಿದವರು

ಅದೇ ನ್ಯೂಜರ್ಸಿಯಲ್ಲಿ, ಮೂರು ದಶಕದ ನಂತರ, 2012-13ರ ಶೈಕ್ಷಣಿಕ ವರ್ಷದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಎಲಿಜಬೆತ್ ಲೆವಿ ಪಾಲಕ್, ಹಾನಾ ಶೆಫರ್ಡ್, ಪೀಟರ್ ಆರೊನೊ ಎಂಬ ಮೂವರು ಸಂಶೋಧಕರು. 56 ಮಾಧ್ಯಮಿಕ ಶಾಲೆಗಳು, 24 ಸಾವಿರಕ್ಕೂ ಹೆಚ್ಚು ಮಕ್ಕಳು. ಇಲ್ಲಿ ವಿಷಯ ಕೊಲೆ ದರೋಡೆಯಲ್ಲ. ಹೊಡೆದಾಟ, ಪೀಡಿಸುವುದು, ಹೆಸರಿಟ್ಟು ಕಾಡುವುದು, ಚಾಡಿ. ದೊಡ್ಡ ತಪ್ಪುಗಳು ಬೇರುಬಿಡುವ ಮಣ್ಣು.

ಶಾಲೆಗಳನ್ನು ಎರಡು ಭಾಗ ಮಾಡಿ (ಮತ್ತೆ ನಾಣ್ಯ ಚಿಮ್ಮಿದ ಹಾಗೆಯೇ), ಅರ್ಧದಲ್ಲಿ ಕಾರ್ಯಕ್ರಮ ನಡೆಸಿದರು. ಪ್ರತಿ ಶಾಲೆಯಲ್ಲೂ ಮಕ್ಕಳದ್ದೊಂದು ಸಣ್ಣ ಗುಂಪು. ಟೀಚರಿಗೆ ಇಷ್ಟವಾದವರು ಅಂತಲ್ಲ, ಕ್ಲಾಸ್ ಮಾನಿಟರ್ ಅಂತಲ್ಲ, ಕಿಡಿಗೇಡಿಗಳು ಅಂತಲೂ ಅಲ್ಲ. ಚೀಟಿ ಎತ್ತಿದ ಹಾಗೆ ಆರಿಸಿದ್ದು. ಅವರಿಗೆ ಯಾರೂ ನೀತಿಬೋಧೆ ಮಾಡಲಿಲ್ಲ. "ನಿಮ್ಮ ಶಾಲೆಯಲ್ಲಿ ಏನು ತೊಂದರೆ ಇದೆ? ನೀವೇ ಹೇಳಿ, ನೀವೇ ಏನಾದರೂ ಮಾಡಿ" ಅಂದರು. ಮಕ್ಕಳೇ ಘೋಷಣೆ ಬರೆದರು, ಪೋಸ್ಟರ್ ಅಂಟಿಸಿದರು. ಯಾರಾದರೂ ಜಗಳ ಬಿಡಿಸಿದರೆ, ಒಂಟಿಯಾಗಿ ಕೂತವರ ಜೊತೆ ಕೂತರೆ, ಅವರ ಕೈಗೆ ಒಂದು ಕಿತ್ತಳೆ ಬಣ್ಣದ ಪಟ್ಟಿ ತೊಡಿಸಿದರು. ಅಷ್ಟೇ.

ವರ್ಷದ ಕೊನೆಗೆ ಶಾಲೆಗಳ ಶಿಸ್ತು ದಾಖಲೆ ತೆಗೆದು ನೋಡಿದರೆ, ಕಾರ್ಯಕ್ರಮ ನಡೆದ ಶಾಲೆಗಳಲ್ಲಿ ಜಗಳದ ಪ್ರಕರಣಗಳು ಉಳಿದ ಶಾಲೆಗಳಿಗಿಂತ ಸುಮಾರು ಶೇ. 30ರಷ್ಟು ಕಡಿಮೆ.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಶುರುವಿನಲ್ಲೇ ಪ್ರತಿ ವಿದ್ಯಾರ್ಥಿಯನ್ನೂ "ನೀನು ಯಾರ ಜೊತೆ ಸಮಯ ಕಳೆಯುತ್ತೀಯ?" ಅಂತ ಕೇಳಿ, ಸ್ನೇಹದ ಬಲೆ ಹೇಗೆ ಹೆಣೆದುಕೊಂಡಿದೆ ಅಂತ ನಕ್ಷೆ ಮಾಡಿದ್ದರು. ಶಾ ಬೀದಿಯ ನಕ್ಷೆ ಮಾಡಿದ, ಇವರು ಗೆಳೆತನದ ನಕ್ಷೆ ಮಾಡಿದರು. ಉಳಿದ ಮಕ್ಕಳು ಯಾರ ಕಡೆ ಹೆಚ್ಚು ನೋಡುತ್ತಾರೋ ಅಂಥವರು ಗುಂಪಿನಲ್ಲಿ ಜಾಸ್ತಿ ಇದ್ದ ಶಾಲೆಗಳಲ್ಲಿ ಪರಿಣಾಮವೂ ಜಾಸ್ತಿ. ಡಿಷನ್ ವಿಡಿಯೋದಲ್ಲಿ ಕಂಡ ಅದೇ ಗೆಳೆಯನ ಬಲ! ಅಲ್ಲಿ ಅದು ಕೆಡಿಸುವ ಕಡೆ ಹರಿದಿತ್ತು, ಇಲ್ಲಿ ಅದೇ ನೀರನ್ನು ಗದ್ದೆಯ ಕಡೆ ತಿರುಗಿಸಿದರು.

ನಮ್ಮ ಕಡೆ

ಈಗ ಮನೆ ಕಡೆ ಬರೋಣ. ನಮ್ಮ ನೆರೆಯ ಕೇರಳದಲ್ಲಿ 2010ರ ಆಗಸ್ಟ್ 2ರಂದು 127 ಶಾಲೆಗಳಲ್ಲಿ 'ಸ್ಟೂಡೆಂಟ್ ಪೊಲೀಸ್ ಕೆಡೆಟ್' ಯೋಜನೆ ಶುರುವಾಯಿತು. ಎಂಟನೇ ತರಗತಿಯ ಮಕ್ಕಳು, ಒಂದು ತಂಡಕ್ಕೆ 44 ಜನ, ಅರ್ಧ ಹುಡುಗರು ಅರ್ಧ ಹುಡುಗಿಯರು. ಖಾಕಿ ಸಮವಸ್ತ್ರ, ಪರೇಡು, ಕಾನೂನಿನ ಪಾಠ, ಸಂಚಾರ ನಿಯಂತ್ರಣ, ಊರಿನ ಸೇವೆ. ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು ಹೊಣೆ ವಹಿಸಿದರು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ದೇಶದ ಮಟ್ಟದಲ್ಲಿ ಶುರು ಮಾಡಿತು, ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಬಂತು.

ಮಕ್ಕಳಿಗೆ ಕೆಲಸ ಕೊಟ್ಟದ್ದು, ಹುಡುಗಿಯರಿಗೆ ಸಮಪಾಲು ಕೊಟ್ಟದ್ದು, ಪೊಲೀಸರೆಂದರೆ ಹೆದರಿ ಓಡುವ ಅಭ್ಯಾಸ ಬಿಡಿಸಿದ್ದು ಎಲ್ಲವೂ ಒಳ್ಳೆಯದೇ. ಆದರೆ ಮೇಲಿನ ಕಥೆ ಓದಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಕೇರಳದಲ್ಲಿ ಕೆಡೆಟ್ ಆಗಲು ಲಿಖಿತ ಪರೀಕ್ಷೆ, ದೈಹಿಕ ಪರೀಕ್ಷೆ ಪಾಸಾಗಬೇಕು. ಹಾಗಾದರೆ ಬರುವವರು ಯಾರು? ಮೊದಲ ಬೆಂಚಿನವರು. ಬರೆದಿಡದ ಆ ಪಟ್ಟಿಯಲ್ಲಿರುವ ಹುಡುಗ ಎಲ್ಲಿ? ಖಾಕಿ ತೊಟ್ಟ ಸಹಪಾಠಿ ಅವನ ಮೇಲೆ ಕಣ್ಣಿಡುವವನಾದರೆ, ಪಟ್ಟಿ ಇನ್ನೂ ಗಟ್ಟಿಯಾಗುವುದಿಲ್ಲವೇ? ನ್ಯೂಜರ್ಸಿಯ ಚೀಟಿ ಇಲ್ಲಿಗೂ ಬೇಕಿತ್ತು ಅನ್ನಿಸುತ್ತದೆ ನನಗೆ. 44ರಲ್ಲಿ ಹತ್ತು ಜನರನ್ನಾದರೂ ಪರೀಕ್ಷೆಯಿಲ್ಲದೆ ಚೀಟಿ ಎತ್ತಿ ತೆಗೆದುಕೊಂಡರೆ ಏನು ನಷ್ಟ?

ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಹಳೆಯ ಉದಾಹರಣೆಯೊಂದಿದೆ. 1990ರ ದಶಕದಲ್ಲಿ ಕುಂದಾಪುರ ಸೀಮೆಯ ಕೆರಾಡಿ, ಆಲೂರು ಮುಂತಾದ ಕಡೆ ಮಕ್ಕಳ ಪಂಚಾಯತಿಗಳು ನಡೆದವು. ದುಡಿಯುವ ಮಕ್ಕಳ 'ಭೀಮ ಸಂಘ' ಅದರ ಹಿಂದಿತ್ತು. ಅಲ್ಲಿ ಶಾಲೆಗೆ ಹೋಗುವ ಮಕ್ಕಳು ಮಾತ್ರವಲ್ಲ, ಹೋಟೆಲಿನಲ್ಲಿ, ಮನೆಗೆಲಸದಲ್ಲಿ ದುಡಿಯುವಂಥ ಮಕ್ಕಳಿಗೂ ಜಾಗ ಇತ್ತು. ಯಾವ ಮಗುವನ್ನು ಸಮಸ್ಯೆ ಅಂತ ನೋಡುತ್ತಿದ್ದರೋ ಆ ಮಗುವೇ ದೊಡ್ಡವರ ಎದುರು ಕೂತು ಊರಿನ ಸಮಸ್ಯೆ ಹೇಳುವುದು. 2006ರಿಂದ ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸರ್ಕಾರದ ಸೂಚನೆಯೂ ಬಂತು. ಅದು ಬಾಳೆಹಣ್ಣು, ಬಿಸ್ಕತ್ತು, ಫೋಟೋಗೆ ಮುಗಿಯುತ್ತದೋ, ನಿಜವಾಗಿ ನಡೆಯುತ್ತದೋ ಅನ್ನೋದು ಆಯಾ ಊರಿಗೆ ಬಿಟ್ಟದ್ದು.

ಕಾನೂನಿನ ಮಾತೂ ಒಂದಿದೆ. 2015ರ ಬಾಲನ್ಯಾಯ ಕಾಯ್ದೆ 'ಬಾಲಾಪರಾಧಿ' ಅನ್ನುವುದಿಲ್ಲ, 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು' ಅನ್ನುತ್ತದೆ. ಕಳಂಕ ಹಚ್ಚುವ ಪದ ಬಳಸಬಾರದು ಅನ್ನೋದನ್ನ ಅದು ತನ್ನ ಮೂಲತತ್ವಗಳಲ್ಲೇ ಸೇರಿಸಿಕೊಂಡಿದೆ. ಉದ್ದ ಪದ, ಬಾಯಿಗೆ ಹತ್ತುವುದಿಲ್ಲ ಅಂತ ನಗುವವರಿದ್ದಾರೆ. (ನಾನೂ ಮೇಲೆ ಶಾನ ಕಾಲದ ಮಾತಾಡುವಾಗ ಹಳೆಯ ಪದವನ್ನೇ ಬಳಸಿದ್ದೇನೆ ನೋಡಿ.) ಆದರೆ ಆ ಉದ್ದದಲ್ಲೊಂದು ಅರ್ಥ ಇದೆ. 'ಅಪರಾಧಿ' ಅಂದರೆ ಅವನು ಅದೇ. 'ಸಂಘರ್ಷ' ಅಂದರೆ ಇವತ್ತಿದೆ, ನಾಳೆ ಮುಗಿಯಬಹುದು.

ಲೆಕ್ಕ ಹೇಳಿದ್ದು

ಇಷ್ಟೆಲ್ಲ ಓದಿ ನನಗೆ ಉಳಿದದ್ದು ಎರಡು ಮಾತು.

ಒಂದು, ಒಳ್ಳೆಯ ಮನಸ್ಸು ಪುರಾವೆ ಅಲ್ಲ. ಕೃತಜ್ಞತೆಯೂ ಪುರಾವೆ ಅಲ್ಲ. ಮೂರರಲ್ಲಿ ಎರಡು ಪಾಲು ಜನ ಒಳ್ಳೆಯದಾಯಿತು ಅಂದ ಕಾರ್ಯಕ್ರಮವೇ ಲೆಕ್ಕದಲ್ಲಿ ಸೋತಿತ್ತು. ಶಿಬಿರದ ಕೊನೆಯ ದಿನ ಮಕ್ಕಳಿಂದ 'ಅನಿಸಿಕೆ' ಬರೆಸಿಕೊಂಡು ಯಶಸ್ವಿಯಾಯಿತು ಅಂತ ವರದಿ ಕಳಿಸುವ ನಮ್ಮ ಸಂಸ್ಥೆಗಳು ಕ್ಯಾಬಟ್‌ನ ನಾಣ್ಯವನ್ನು ಒಮ್ಮೆ ನೆನೆಯಬೇಕು. ತನ್ನ ಪ್ರೀತಿಯ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡುವ ಧೈರ್ಯ ಅವನಿಗಿತ್ತು. ಅವನ ಪ್ರಯೋಗ ಸೋತಿತು, ಆದರೆ ಆ ಸೋಲಿನಿಂದಲೇ ನಮಗೆ ಇಷ್ಟು ಗೊತ್ತಾಯಿತು.

ಎರಡು, ಹುಡುಗರನ್ನು ಆರಿಸಿ, ಬೇರೆ ಮಾಡಿ, ಒಂದೆಡೆ ಗುಡ್ಡೆ ಹಾಕಿ ತಿದ್ದಲು ಹೊರಟ ಕಡೆ ಏಟು ಬಿದ್ದಿದೆ. ಎಲ್ಲರ ನಡುವೆಯೇ ಬಿಟ್ಟು, ಅವರ ಕೈಗೇ ಕೆಲಸ ಕೊಟ್ಟ ಕಡೆ ಭರವಸೆ ಕಂಡಿದೆ. ಅದು ಎಲ್ಲ ಊರಿಗೂ ಒಗ್ಗುವ ಮಂತ್ರ ಅಂತ ನಾನು ಹೇಳುತ್ತಿಲ್ಲ. ನ್ಯೂಜರ್ಸಿಯ ಶಾಲೆ ಬೇರೆ, ನಮ್ಮ ನರಗುಂದದ ಶಾಲೆ ಬೇರೆ. ಆದರೆ ಮುಂದಿನ ಸಲ ಶಾಲಾಭಿವೃದ್ಧಿ ಸಮಿತಿಯಲ್ಲೋ ಬಡಾವಣೆಯ ಸಂಘದಲ್ಲೋ ಯಾರಾದರೂ 'ಆ ನಾಲ್ಕು ಪೋಲಿ ಹುಡುಗರನ್ನು ಏನಾದರೂ ಮಾಡಬೇಕು' ಅಂದಾಗ, 'ಅವರಿಗೆ ಏನಾದರೂ ಕೆಲಸ ಕೊಡೋಣ, ನಾಲ್ವರನ್ನೂ ಒಂದೇ ಕಡೆ ಮಾತ್ರ ಬೇಡ' ಅಂತ ಒಬ್ಬರಾದರೂ ಹೇಳಬಹುದು.

ನಿಮ್ಮೂರಿನಲ್ಲಿ ಮಕ್ಕಳ ಗ್ರಾಮಸಭೆ ನಿಜವಾಗಿ ನಡೆದದ್ದನ್ನು ನೋಡಿದ್ದೀರಾ? ಕೆಡೆಟ್ ತಂಡಕ್ಕೆ ಕೊನೇ ಬೆಂಚಿನ ಹುಡುಗ ಸೇರಿದ್ದು ಗೊತ್ತಿದೆಯಾ? ಇದ್ದರೆ ಬರೆಯಿರಿ. ಅಮೆರಿಕಾದವರ ಲೆಕ್ಕ ಸಾಕಷ್ಟು ಓದಿಯಾಯಿತು, ನಮ್ಮ ಕಡೆಯ ಲೆಕ್ಕವನ್ನೂ ಯಾರಾದರೂ ಇಡಲು ಶುರು ಮಾಡಬೇಕಲ್ಲ.